ನೆರಳಿನ ಒಡೆತನ: ಕಪ್ಪು ಅಮೆರಿಕದ ಹಳೆಯ ಛಾಯಾಚಿತ್ರಗಳನ್ನು ಓದುವ ಬಗೆ

1864ರ ಸುಮಾರಿಗೆ, ಗುಲಾಮಗಿರಿಯ ವಿರುದ್ಧ ಮಾತನಾಡುತ್ತ ಅಮೆರಿಕದ ಊರೂರು ತಿರುಗುತ್ತಿದ್ದ ಸೋಜರ್ನರ್ ಟ್ರೂತ್ ಅವರು ತಮ್ಮದೇ ಫೋಟೊ ಅಂಟಿಸಿದ ಚಿಕ್ಕ ರಟ್ಟಿನ ಕಾರ್ಡುಗಳನ್ನು ಕೇಳುಗರಿಗೆ ಮಾರುತ್ತಿದ್ದರು. ಅಂಗೈಯಗಲದ ಆ ಕಾರ್ಡಿನಲ್ಲಿ ಅವರು ಬಿಳಿಯ ಶಾಲು ಹೊದ್ದು, ಕೈಯಲ್ಲಿ ಹೆಣಿಗೆಯ ನೂಲು ಹಿಡಿದು, ಹೂವಿಟ್ಟ ಮೇಜಿನ ಪಕ್ಕದಲ್ಲಿ ಕುಳಿತಿದ್ದಾರೆ. ಅವರು ಹುಟ್ಟಿದ್ದು ಗುಲಾಮಳಾಗಿ, ಓದು ಬರಹ ಕಲಿತವರಲ್ಲ. ಆದರೂ ಆ ಚಿತ್ರದ ಹಕ್ಕುಸ್ವಾಮ್ಯವನ್ನು ಛಾಯಾಗ್ರಾಹಕನ ಹೆಸರಿಗೆ ಬಿಡದೆ ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಂಡಿದ್ದರು. ಕಾರ್ಡಿನ ಅಡಿಯಲ್ಲಿ ಒಂದು ಸಾಲನ್ನು ಅಚ್ಚು ಹಾಕಿಸಿದ್ದರು. ಅದರ ತಾತ್ಪರ್ಯ ಇಷ್ಟು: ನೆರಳನ್ನು ಮಾರಿ ನಿಜವನ್ನು ಪೊರೆಯುತ್ತೇನೆ. ಫೋಟೊವನ್ನು ನೆರಳೆಂದು ಕರೆಯುವುದು ಆಗಿನ ವಾಡಿಕೆಯಾಗಿತ್ತು. ಛಾಯಾಚಿತ್ರ ಎಂಬ ಪದದಲ್ಲಿ ಛಾಯೆಯನ್ನು ಇಂದಿಗೂ ಉಳಿಸಿಕೊಂಡಿರುವ ಕನ್ನಡಿಗರಿಗೆ ಆ ಮಾತು ಬಹುಶಃ ಉಳಿದವರಿಗಿಂತ ಬೇಗ ಅರ್ಥವಾಗುತ್ತದೆ.

ಕಪ್ಪು ಅಮೆರಿಕದ ಗಾಯಕರು, ಬಾಕ್ಸಿಂಗ್ ಮತ್ತು ಓಟದ ಮೈದಾನಗಳ ವೀರರು, ಚಿಂತಕರು ಮತ್ತು ನಟಿಯರ ಹಳೆಯ ಕಪ್ಪು ಬಿಳುಪಿನ ಚಿತ್ರಗಳು ಇಂದು ಗೋಡೆಗಳ ಮೇಲೆ, ಫೋನುಗಳ ಪರದೆಯ ಮೇಲೆ ಎಲ್ಲೆಲ್ಲೂ ಕಾಣಸಿಗುತ್ತವೆ. ಅವುಗಳ ಚೆಲುವು ಎಷ್ಟು ಸಹಜವಾಗಿದೆಯೆಂದರೆ, ಆ ಚೆಲುವನ್ನು ಯಾರೋ ದುಡಿದು ಗಳಿಸಿದ್ದಾರೆ ಎಂಬುದೇ ಮರೆತುಹೋಗುತ್ತದೆ. ಅಂಥ ಯಾವುದೇ ಚಿತ್ರದ ಮುಂದೆ ನಿಂತಾಗ ನಾನು ನಾಲ್ಕು ವಿಷಯಗಳನ್ನು ಹುಡುಕುತ್ತೇನೆ: ಕ್ಯಾಮೆರಾ ಯಾರ ಕೈಯಲ್ಲಿತ್ತು, ಬೆಳಕನ್ನು ಯಾರ ಮೈಬಣ್ಣಕ್ಕೆ ತಕ್ಕಂತೆ ಹೊಂದಿಸಲಾಗಿತ್ತು, ಚಿತ್ರ ಯಾರ ಕಣ್ಣಿಗಾಗಿ ಅಚ್ಚಾಯಿತು, ಪ್ರಿಂಟು ಹಾಕಲು ಬೇಕಾದ ಮೂಲ ಫಿಲ್ಮು, ಅಂದರೆ ನೆಗೆಟಿವ್, ಕೊನೆಗೆ ಯಾರ ಪೆಟ್ಟಿಗೆ ಸೇರಿತು. ಟ್ರೂತ್ ಅವರಿಗೆ ಈ ನಾಲ್ಕರ ಬೆಲೆಯೂ ಗೊತ್ತಿತ್ತು. ಅವರ ನಂತರದ ನೂರು ವರ್ಷಗಳ ಚಿತ್ರಗಳನ್ನು ಈ ದಾರಿಯಲ್ಲಿ ನೋಡಿದರೆ ಅಭಿಮಾನದ ಹಿಂದಿನ ಹೋರಾಟವೂ ಕಾಣುತ್ತದೆ.

ಹೋರಾಟ ಮೊದಲು ನಡೆದದ್ದು ಇತರ ಚಿತ್ರಗಳ ವಿರುದ್ಧ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಪ್ಪು ಮುಖ ಹೆಚ್ಚಾಗಿ ಕಾಣಿಸುತ್ತಿದ್ದುದು ಅಣಕು ಚಿತ್ರಗಳಲ್ಲಿ: ಊದಿದ ತುಟಿ, ಬಿಟ್ಟ ಕಣ್ಣು, ಸದಾ ಹಲ್ಲುಕಿರಿಯುವ ಮುಖ. ಸಾಬೂನಿನ ಜಾಹೀರಾತಿನಿಂದ ಹಿಡಿದು ಹಾಡಿನ ಪುಸ್ತಕದ ಹೊದಿಕೆಯವರೆಗೆ ಅದೇ ಅಚ್ಚು. ಕ್ಯಾಮೆರಾ ಬಂದಾಗ ಅದೂ ತಾನಾಗಿ ನ್ಯಾಯದ ಪಕ್ಷ ವಹಿಸಲಿಲ್ಲ. 1850ರಲ್ಲಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ, ಜನಾಂಗಗಳ ಮೂಲವೇ ಬೇರೆ ಬೇರೆ ಎಂಬ ತಮ್ಮ ವಾದಕ್ಕೆ ಪುರಾವೆ ಬೇಕೆಂದು ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಗುಲಾಮರ ಬಟ್ಟೆ ಕಳಚಿಸಿ, ಎದುರಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆಸಿದರು. ರೆಂಟಿ ಎಂಬ ಮುದುಕ ಮತ್ತು ಅವನ ಮಗಳು ಡೆಲಿಯಾ ಅವರಲ್ಲಿದ್ದರು. 1976ರಲ್ಲಿ ವಸ್ತುಸಂಗ್ರಹಾಲಯದ ಅಟ್ಟದಲ್ಲಿ ಆ ತಗಡಿನ ಚಿತ್ರಗಳು ಸಿಕ್ಕಾಗ ನೋಡಿದವರು ಬೆಚ್ಚಿದ್ದು ಆ ಕಣ್ಣುಗಳಿಂದ. ತಮ್ಮ ಚಿತ್ರ ತೆಗೆಯಬೇಡಿ ಎನ್ನುವ ಅವಕಾಶವೇ ಇಲ್ಲದವರು ನೇರವಾಗಿ ನಮ್ಮನ್ನು ನೋಡುತ್ತಾರೆ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ನಿಂತವರು ಫ್ರೆಡರಿಕ್ ಡಗ್ಲಸ್. ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡು ಬಂದ ಈ ಮಹಾ ವಾಗ್ಮಿಯ ಸುಮಾರು 160 ಬೇರೆ ಬೇರೆ ಛಾಯಾಚಿತ್ರಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಆ ಶತಮಾನದಲ್ಲಿ ಅತಿ ಹೆಚ್ಚು ಬಾರಿ ಕ್ಯಾಮೆರಾದ ಮುಂದೆ ಕುಳಿತ ಅಮೆರಿಕನ್ ಅವರೇ, ಅಧ್ಯಕ್ಷ ಲಿಂಕನ್ ಅವರ ಚಿತ್ರಗಳೂ ಅಷ್ಟಿಲ್ಲ. ಬಿಳಿಯ ಕಲಾವಿದರು ಕಪ್ಪು ಮುಖವನ್ನು ಪೂರ್ವಗ್ರಹವಿಲ್ಲದೆ ಬರೆಯಲಾರರು, ಅವರ ಕುಂಚ ತಮಗೆ ಬೇಕಾದ ಮುಖವನ್ನೇ ಹುಡುಕುತ್ತದೆ ಎಂಬುದು ಡಗ್ಲಸ್ ಅವರ ದೂರು. ಯಂತ್ರಕ್ಕೆ ಅಂಥ ಪೂರ್ವಗ್ರಹ ಇರದು ಎಂದು ಅವರು ನಂಬಿದರು. ಚಿತ್ರಗಳ ಶಕ್ತಿಯನ್ನು ಕುರಿತೇ ಭಾಷಣಗಳನ್ನು ಬರೆದರು. ಅವರ ಚಿತ್ರಗಳಲ್ಲಿ ನಗು ಇಲ್ಲವೆಂದೇ ಹೇಳಬೇಕು. ಒಡೆಯನ ಮನೆಯಲ್ಲಿ ಸುಖವಾಗಿ ನಗುವ ಗುಲಾಮ ಎಂಬ ಸುಳ್ಳು ಚಿತ್ರಕ್ಕೆ ಅವರು ಬಿಗಿದ ಹುಬ್ಬು, ಗರಿಗರಿ ಕೋಟು ಮತ್ತು ನೇರ ನೋಟದಿಂದ ಉತ್ತರ ಕೊಟ್ಟರು. ಯಂತ್ರದ ನಿಷ್ಪಕ್ಷಪಾತದ ಬಗೆಗಿನ ಅವರ ನಂಬಿಕೆ ಪೂರ್ತಿ ಸರಿಯಾಗಿರಲಿಲ್ಲ ಎಂಬುದನ್ನು ಮುಂದೆ ನೋಡೋಣ.

1900ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಜಾಗತಿಕ ಪ್ರದರ್ಶನಕ್ಕೆ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರು 363 ಛಾಯಾಚಿತ್ರಗಳ ಆಲ್ಬಮ್ಮುಗಳನ್ನು ಕಳುಹಿಸಿದರು. ಜಾರ್ಜಿಯಾ ರಾಜ್ಯದ ಕಪ್ಪು ವಕೀಲರು, ಪಿಯಾನೊ ಮುಂದೆ ಕುಳಿತ ಮನೆಮಂದಿ, ಲೇಸಿನ ಕಾಲರು ತೊಟ್ಟ ಯುವತಿಯರು ಅವುಗಳಲ್ಲಿದ್ದರು. ಹಲವು ಚಿತ್ರಗಳಲ್ಲಿ ಒಬ್ಬರನ್ನೇ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತೋರಿಸಲಾಗಿದೆ. ಅದು ಪೊಲೀಸ್ ಠಾಣೆಯ ಫೋಟೊದ ಮತ್ತು ಅಗಾಸಿಯಂಥವರ ವಿಜ್ಞಾನದ ಕ್ರಮ. ಅದೇ ಕ್ರಮವನ್ನು ಕೈಗೆತ್ತಿಕೊಂಡು ಅದರೊಳಗೆ ಘನತೆಯನ್ನು ತುಂಬಿದ್ದು ನನಗೆ ಬಹಳ ಧೈರ್ಯದ ಕೆಲಸವಾಗಿ ಕಾಣುತ್ತದೆ.

ಇಷ್ಟು ಹಿನ್ನೆಲೆ ಇದ್ದರೆ ಹಾರ್ಲೆಮ್‌ನ ಸ್ಟುಡಿಯೋ ಚಿತ್ರಗಳ ಅರ್ಥ ತೆರೆದುಕೊಳ್ಳುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ಹಿಂಸೆಯನ್ನೂ ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ವಲಸೆ ಬರತೊಡಗಿದ್ದರು. ನ್ಯೂಯಾರ್ಕಿನ ಹಾರ್ಲೆಮ್ ಅವರ ಸಾಂಸ್ಕೃತಿಕ ರಾಜಧಾನಿಯಾಯಿತು. ಅಲ್ಲಿನ 135ನೆಯ ಬೀದಿಯಲ್ಲಿ ಜೇಮ್ಸ್ ವ್ಯಾನ್ ಡೆರ್ ಜೀ ಅವರ ಸ್ಟುಡಿಯೋ ಇತ್ತು. ಮದುಮಕ್ಕಳು, ಸೈನಿಕರು, ಚರ್ಚಿನ ಸಂಘಗಳು, ಬಾಕ್ಸರುಗಳು, ನರ್ತಕಿಯರು ಎಲ್ಲರೂ ಬಂದು ಬಣ್ಣ ಬಳಿದ ಪರದೆಯ ಮುಂದೆ ಕುಳಿತರು. 1924ರಲ್ಲಿ ಕಪ್ಪು ಜನರ ಸ್ವಾಭಿಮಾನದ ನಾಯಕ ಮಾರ್ಕಸ್ ಗಾರ್ವಿ ಅವರ ಚಳವಳಿಯ ಮೆರವಣಿಗೆಗಳನ್ನೂ ಸಭೆಗಳನ್ನೂ ಚಿತ್ರಿಸಿದವರು ಇವರೇ.

ವ್ಯಾನ್ ಡೆರ್ ಜೀ ಕ್ಯಾಮೆರಾ ಒತ್ತಿ ಕೈತೊಳೆದುಕೊಳ್ಳುವವರಲ್ಲ. ನೆಗೆಟಿವ್ ಮೇಲೆ ಸೂಜಿಯಿಂದ ಗೀರಿ ಗಿರಾಕಿಯ ಬೆರಳಿಗೆ ಉಂಗುರ ತೊಡಿಸುತ್ತಿದ್ದರು, ವಕ್ರವಾದ ಹಲ್ಲನ್ನು ನೆಟ್ಟಗೆ ಮಾಡುತ್ತಿದ್ದರು, ಸುಕ್ಕುಗಳನ್ನು ಅಳಿಸುತ್ತಿದ್ದರು, ಎರಡು ನೆಗೆಟಿವ್‌ಗಳನ್ನು ಸೇರಿಸಿ ನವದಂಪತಿಯ ಪಕ್ಕದಲ್ಲಿ ಇನ್ನೂ ಹುಟ್ಟದ ಮಗುವಿನ ನಸುಛಾಯೆಯನ್ನು ಮೂಡಿಸುತ್ತಿದ್ದರು. 1932ರ ಅವರ ಪ್ರಸಿದ್ಧ ಚಿತ್ರವೊಂದರಲ್ಲಿ ದಂಪತಿ ತುಪ್ಪಳದ ಕೋಟು ತೊಟ್ಟು ಹೊಳೆಯುವ ಕ್ಯಾಡಿಲಾಕ್ ಕಾರಿನೊಂದಿಗೆ ಹಾರ್ಲೆಮ್ ಬೀದಿಯಲ್ಲಿದ್ದಾರೆ. ದೇಶ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ವರ್ಷ ಅದು. ಇಂಥ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಅಣಕು ಚಿತ್ರ ಮನುಷ್ಯನನ್ನು ಇರುವುದಕ್ಕಿಂತ ಕೆಳಗಿಳಿಸಿ ತೋರಿಸುತ್ತಿದ್ದ ದೇಶದಲ್ಲಿ, ಅವನು ತನ್ನನ್ನು ಹೇಗೆ ಕಾಣಬಯಸಿದನೋ ಹಾಗೆ ತೋರಿಸುವ ಒಂದು ಕೋಣೆ ಇದ್ದುದು ಸಣ್ಣ ಮಾತಲ್ಲ. ಆ ಕೋಣೆಯನ್ನು ನಡೆಸಿದವರ ಪಾಡು ಮಾತ್ರ ಸುಲಭದ್ದಾಗಿರಲಿಲ್ಲ. ಮನೆಮನೆಗೆ ಕ್ಯಾಮೆರಾ ಬಂದ ಮೇಲೆ ವ್ಯಾನ್ ಡೆರ್ ಜೀ ಅವರ ಸ್ಟುಡಿಯೋ ವ್ಯಾಪಾರ ಕುಸಿಯಿತು, ಅವರು ಬಡತನಕ್ಕೆ ಬಿದ್ದರು. 1969ರಲ್ಲಿ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಹಾರ್ಲೆಮ್ ಕುರಿತು ಏರ್ಪಡಿಸಿದ ಪ್ರದರ್ಶನದಲ್ಲಿ ಅವರ ಚಿತ್ರಗಳು ಕಾಣಿಸಿಕೊಂಡಾಗ, ಎಂಬತ್ತು ದಾಟಿದ ಅವರನ್ನು ಜಗತ್ತು ಗುರುತಿಸಿತು.

ವಾಷಿಂಗ್ಟನ್ನಿನಲ್ಲಿ ಇದೇ ಕೆಲಸವನ್ನು ಮಾಡಿದವರು ಆ್ಯಡಿಸನ್ ಸ್ಕರ್ಲಾಕ್. 1911ರಲ್ಲಿ ಯು ಬೀದಿಯಲ್ಲಿ ಸ್ಟುಡಿಯೋ ತೆರೆದ ಅವರ ಕೆಲಸವನ್ನು ಮುಂದೆ ಮಕ್ಕಳಾದ ರಾಬರ್ಟ್ ಮತ್ತು ಜಾರ್ಜ್ ಮುಂದುವರಿಸಿದರು. ಮೃದುವಾದ ಬೆಳಕು, ನೆಗೆಟಿವ್ ಮೇಲೆ ಎಚ್ಚರದ ತಿದ್ದುಪಡಿ, ನಿಲುವಿನಲ್ಲಿ ಒಂದು ಗಾಂಭೀರ್ಯ ಇವೆಲ್ಲ ಸೇರಿ ಅವರ ಚಿತ್ರಗಳಿಗೆ ಒಂದು ಮುದ್ರೆಯೇ ಬಂದಿತ್ತು. ಆ ಸ್ಟುಡಿಯೋದ ಸಂಗ್ರಹದಲ್ಲಿ 1939ರ ಏಪ್ರಿಲ್ 9ರ ಮರಿಯನ್ ಆ್ಯಂಡರ್ಸನ್ ಅವರ ಚಿತ್ರಗಳೂ ಇವೆ. ಕಪ್ಪು ಮಹಿಳೆ ಎಂಬ ಕಾರಣಕ್ಕೆ ಆ ಮಹಾಗಾಯಕಿಗೆ ನಗರದ ದೊಡ್ಡ ಸಭಾಂಗಣದ ಬಾಗಿಲು ಮುಚ್ಚಿತ್ತು. ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದರು. ಗಾಯಕಿ ಮುಂದೆ, ಹಿಂದೆ ಅಮೃತಶಿಲೆಯ ಲಿಂಕನ್: ಮುಚ್ಚಿದ ಬಾಗಿಲಿನ ಕಥೆಯನ್ನು ತಿಳಿಯದವರಿಗೆ ಇದು ಬರಿಯ ಸುಂದರ ಸಂಯೋಜನೆಯಾಗಿ ಕಾಣಬಹುದು.

ಈಗ ಯಂತ್ರದ ವಿಷಯಕ್ಕೆ ಬರೋಣ, ಏಕೆಂದರೆ ಈ ಚಿತ್ರಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಇದೇ. ಫಿಲ್ಮು ಹಿಡಿಯಬಲ್ಲ ಬೆಳಕಿಗೆ ಮೇಲೊಂದು ಕೆಳಗೊಂದು ಮಿತಿ ಇದೆ. ಬಿಳಿಯ ಅಂಗಿ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂತಿರುಗಿಸುತ್ತದೆ, ಕಪ್ಪು ಚರ್ಮ ಅದಕ್ಕಿಂತ ಬಹಳ ಕಡಿಮೆ ಹಿಂತಿರುಗಿಸುತ್ತದೆ. ಛಾಯಾಗ್ರಾಹಕ ಅಂಗಿಯ ಬಿಳುಪನ್ನು, ಇಲ್ಲವೇ ಪಕ್ಕದಲ್ಲಿ ನಿಂತ ಬಿಳಿಯ ಮುಖವನ್ನು ಉಳಿಸಲು ಕಡಿಮೆ ಬೆಳಕು ಬಿಟ್ಟರೆ, ಕಪ್ಪು ಮುಖ ಬಿದ್ದ ಜಾಗದಲ್ಲಿ ನೆಗೆಟಿವ್ ತೆಳುವಾಗಿಬಿಡುತ್ತದೆ. ಕೆನ್ನೆಯ ಏರು, ಕಣ್ಣಿನ ಕೆಳಗಿನ ಗೆರೆ, ತುಟಿಯ ಅಂಚು ಎಲ್ಲವೂ ಒಂದೇ ಕತ್ತಲಲ್ಲಿ ಸೇರಿಹೋಗುತ್ತವೆ. ನೆಗೆಟಿವ್‌ನಲ್ಲಿ ದಾಖಲಾಗದ್ದನ್ನು ಪ್ರಿಂಟು ಹಾಕುವಾಗ ತರಿಸಲು ಯಾರಿಗೂ ಸಾಧ್ಯವಿಲ್ಲ. ಹಳೆಯ ಪತ್ರಿಕೆಗಳ ಎಷ್ಟೋ ಗುಂಪುಚಿತ್ರಗಳಲ್ಲಿ ಕಪ್ಪು ಆಟಗಾರನ ಮುಖ ಬರಿಯ ಮಸಿಯ ಮಚ್ಚೆಯಾಗಿ ಕಾಣುವುದಕ್ಕೆ ಆ ಮುಖವೇ ಕಾರಣವಲ್ಲ, ಯಾರ ಮುಖಕ್ಕೆ ಅಳತೆ ಹಿಡಿಯಲಾಯಿತು ಎಂಬುದು ಕಾರಣ.

ಬಣ್ಣದ ಫಿಲ್ಮು ಬಂದಾಗ ಈ ತಾರತಮ್ಯ ಕಾರ್ಖಾನೆಯ ಮಟ್ಟಕ್ಕೇ ಏರಿತು. ಪ್ರಿಂಟಿನ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಮಾದರಿ ಕಾರ್ಡುಗಳನ್ನು ಕಳುಹಿಸುತ್ತಿತ್ತು. ಮೊದಲು ಅದರಲ್ಲಿ ಚಿತ್ರವಾದ ಉದ್ಯೋಗಿಯ ಹೆಸರಿನಿಂದ ಅವುಗಳನ್ನು ಶರ್ಲಿ ಕಾರ್ಡ್ ಎಂದೇ ಕರೆಯಲಾಯಿತು. ರೂಪದರ್ಶಿಗಳು ಬದಲಾದರೂ ದಶಕಗಳ ಕಾಲ ಕಾರ್ಡಿನ ಮೇಲಿದ್ದದ್ದು ಬಿಳಿಯ ಮಹಿಳೆಯೇ. ಆಕೆಯ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂಬುದು ಲ್ಯಾಬಿನ ಲೆಕ್ಕ. ಕಂದು ಬಣ್ಣದ ಸೂಕ್ಷ್ಮ ವ್ಯತ್ಯಾಸಗಳನ್ನು ಫಿಲ್ಮು ಹಿಡಿಯುತ್ತಿಲ್ಲ ಎಂದು ಚಾಕೊಲೇಟು ತಯಾರಕರೂ ಮರದ ಪೀಠೋಪಕರಣ ಮಾರುವವರೂ ದೂರಿದ ಮೇಲೆಯೇ ಕಂಪನಿ ಗಂಭೀರವಾಗಿ ಎಚ್ಚೆತ್ತಿತೆಂದು ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ತಮ್ಮ ಮಕ್ಕಳ ಶಾಲೆಯ ಗುಂಪುಚಿತ್ರ ನೋಡಿ ನೊಂದ ತಾಯಂದಿರ ದೂರಿಗಿಂತ ಮೇಜು ಕುರ್ಚಿಯ ದೂರು ಹೆಚ್ಚು ತೂಗಿತು ಎಂಬುದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಯಂತ್ರಕ್ಕೆ ಪೂರ್ವಗ್ರಹವಿಲ್ಲ ಎಂದ ಡಗ್ಲಸ್ ಅವರ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಬೇಕಾಗುತ್ತದೆ: ಯಂತ್ರವನ್ನು ಹೊಂದಿಸುವ ಕೈಗೆ ಅದು ಇರುತ್ತದೆ.

ಕಪ್ಪು ಮುಖವನ್ನು ಚೆನ್ನಾಗಿ ಚಿತ್ರಿಸಿದವರು ಈ ತೊಡಕನ್ನು ಕುಶಲತೆಯಿಂದ ದಾಟಿದರು. ದಟ್ಟ ಬಣ್ಣದ ಚರ್ಮದಲ್ಲಿ ಆಕಾರವನ್ನು ಎತ್ತಿ ತೋರಿಸುವುದು ನೆರಳಿಗಿಂತ ಹೆಚ್ಚಾಗಿ ಹೊಳಪು. ಆದ್ದರಿಂದ ದೀಪವನ್ನು ಪಕ್ಕಕ್ಕೋ ಹಿಂದಕ್ಕೋ ಸರಿಸಿ ಹಣೆ, ಕೆನ್ನೆ, ಮೂಗಿನ ಅಂಚಿನಲ್ಲಿ ಬೆಳಕಿನ ಗೆರೆ ಮೂಡಿಸುತ್ತಿದ್ದರು. ಬೆಳಕನ್ನು ಉದಾರವಾಗಿ ಬಿಟ್ಟು, ಆಮೇಲೆ ಡಾರ್ಕ್ ರೂಮಿನಲ್ಲಿ, ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್‌ನ ಕೆಳಗೆ ಅಂಗೈಯನ್ನೋ ರಟ್ಟಿನ ತುಂಡನ್ನೋ ಆಡಿಸುತ್ತ ಮುಖದ ಭಾಗವನ್ನು ತಿಳಿಗೊಳಿಸುತ್ತಿದ್ದರು. ಹಾರ್ಲೆಮ್‌ನಲ್ಲೇ ಹುಟ್ಟಿದ ರಾಯ್ ಡಿಕರಾವಾ ಬೇರೆಯೇ ದಾರಿ ಹಿಡಿದರು. ಅವರು ಕತ್ತಲನ್ನು ಓಡಿಸಲು ಹೋಗಲಿಲ್ಲ. ಫ್ಲ್ಯಾಶ್ ದೂರವಿಟ್ಟು, ಇದ್ದಷ್ಟೇ ಬೆಳಕಿನಲ್ಲಿ ಜಾನ್ ಕೋಲ್ಟ್ರೇನ್ ಅವರಂಥ ಸಂಗೀತಗಾರರನ್ನು ಚಿತ್ರಿಸಿ, ಬೂದುಗಪ್ಪಿನಿಂದ ಕಡುಗಪ್ಪಿನವರೆಗಿನ ಹತ್ತಾರು ಮೆಟ್ಟಿಲುಗಳಲ್ಲಿ ಪ್ರಿಂಟು ಹಾಕಿದರು. ಅವರ ಚಿತ್ರದ ಮುಂದೆ ಕಣ್ಣು ಸ್ವಲ್ಪ ಹೊತ್ತು ಕಾಯಬೇಕು, ಸಂಜೆ ದೀಪ ಹಚ್ಚದ ಮನೆಯೊಳಗೆ ಕಾಲಿಟ್ಟಾಗ ಕಾಯುವಂತೆ. ನಿಧಾನವಾಗಿ ಮುಖ ಬರುತ್ತದೆ, ಬೆರಳುಗಳು ಬರುತ್ತವೆ, ಕೊನೆಗೆ ವಾದ್ಯ. 1952ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ ಅವರು. ಕಪ್ಪನ್ನು ಕೊರತೆಯೆಂದು ಬಗೆಯದೆ ಬಣ್ಣವೆಂದೇ ಬಗೆದ ಅವರ ಪ್ರಿಂಟುಗಳನ್ನು ನಾನು ಈ ಇಡೀ ಪರಂಪರೆಯ ಶಿಖರವೆಂದು ಎಣಿಸುತ್ತೇನೆ.

ಜಾಝ್ ಸಂಗೀತಗಾರರ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಹಲವನ್ನು ತೆಗೆದವರು ಬಿಳಿಯರು ಎಂಬುದನ್ನೂ ಹೇಳಬೇಕು. ವಿಲಿಯಂ ಗಾಟ್ಲೀಬ್ 1938ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಜಾಝ್ ಅಂಕಣ ಬರೆಯುತ್ತಿದ್ದರು. ಪತ್ರಿಕೆ ಛಾಯಾಗ್ರಾಹಕನನ್ನು ಕಳುಹಿಸದಿದ್ದಾಗ ತಾವೇ ಒಂದು ಭಾರಿ ಪ್ರೆಸ್ ಕ್ಯಾಮೆರಾ ಕೊಂಡು ಕಲಿತರು. ಫಿಲ್ಮೂ ಫ್ಲ್ಯಾಶ್ ಬಲ್ಬೂ ದುಬಾರಿಯಾದ್ದರಿಂದ ಒಂದು ಸಂಜೆಗೆ ಕೆಲವೇ ಚಿತ್ರಗಳು. ಆ ಮಿತಿಯೇ ಅವರಿಗೆ ಕಾಯುವುದನ್ನು ಕಲಿಸಿತು. 1947ರಲ್ಲಿ ಗಾಯಕಿ ಬಿಲೀ ಹಾಲಿಡೇ ತಲೆಯನ್ನು ತುಸು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಹಾಡುತ್ತಿರುವ ಅವರ ಚಿತ್ರದಲ್ಲಿ ಸ್ವರದ ನೋವು ಕಣ್ಣಿಗೇ ಕಾಣುತ್ತದೆ. ಗಾಟ್ಲೀಬ್ ಅವರ ಆಶಯದಂತೆ ಅವರ ಸಂಗ್ರಹ 2010ರಲ್ಲಿ ಸಾರ್ವಜನಿಕ ಸ್ವತ್ತಾಯಿತು. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಿಂದ ಧಾರವಾಡದಲ್ಲಿ ಕುಳಿತವರೂ ಅದನ್ನು ಪೂರ್ಣ ಗಾತ್ರದಲ್ಲಿ ಇಳಿಸಿಕೊಳ್ಳಬಹುದು. ಹರ್ಮನ್ ಲೆನರ್ಡ್ ಅವರ 1948ರ, ಸ್ಯಾಕ್ಸೊಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ ಅವರ ಚಿತ್ರದಲ್ಲಿ ಹಿಂದಿನಿಂದ ಬಿದ್ದ ಬೆಳಕು ಸಿಗರೇಟಿನ ಹೊಗೆಯನ್ನು ಮೋಡದಂತೆ ನಿಲ್ಲಿಸಿದೆ. ಇವರಿಬ್ಬರ ಪ್ರೀತಿ ಪ್ರಾಮಾಣಿಕವಾದದ್ದು. ಆದರೆ ಹೊಗೆ, ಕತ್ತಲು ಮತ್ತು ಇರುಳ ಕ್ಲಬ್ಬು ಜಾಝ್‌ನ ಏಕಮಾತ್ರ ಚಿತ್ರವಾಗಿ ನಿಂತುಬಿಟ್ಟದ್ದರಲ್ಲಿ ಒಂದು ನಷ್ಟವೂ ಇದೆ.

ಆ ನಷ್ಟವನ್ನು ಒಂದೇ ಬೆಳಗ್ಗೆ ತುಂಬಿಕೊಟ್ಟ ಚಿತ್ರವೊಂದಿದೆ. 1958ರ ಆಗಸ್ಟ್ 12ರಂದು, ಎಸ್ಕ್ವಯರ್ ಪತ್ರಿಕೆಗಾಗಿ ಆರ್ಟ್ ಕೇನ್ ಎಂಬ ಯುವಕ ನ್ಯೂಯಾರ್ಕಿನ ಜಾಝ್ ಸಂಗೀತಗಾರರೆಲ್ಲ ಹಾರ್ಲೆಮ್‌ನ ಪೂರ್ವ 126ನೆಯ ಬೀದಿಗೆ ಬೆಳಗ್ಗೆ ಹತ್ತಕ್ಕೆ ಬರಬೇಕೆಂದು ಕರೆ ಕೊಟ್ಟರು. ರಾತ್ರಿಯಿಡೀ ನುಡಿಸಿ ಬೆಳಗಿನ ಜಾವ ಮಲಗುವ ಜನರಿಗೆ ಅದು ಅಪವೇಳೆ. ಆದರೂ ಬಂದು ನಿಂತ 57 ಮಂದಿ ಚಿತ್ರದಲ್ಲಿದ್ದಾರೆ. ವೃತ್ತಿಯಿಂದ ಪತ್ರಿಕೆಗಳ ವಿನ್ಯಾಸಕಾರರಾಗಿದ್ದ ಕೇನ್ ಅವರಿಗೆ ಛಾಯಾಗ್ರಹಣದ ಅನುಭವ ಹೆಚ್ಚೇನೂ ಇರಲಿಲ್ಲ. ಎಷ್ಟೋ ತಿಂಗಳಿಂದ ಭೇಟಿಯಾಗದ ಗೆಳೆಯರು ಅಪ್ಪಿಕೊಳ್ಳುತ್ತ, ಹರಟುತ್ತ, ಕೇನ್ ಅವರ ಮಾತಿಗೆ ಕಿವಿಗೊಡಲಿಲ್ಲ. ಡಿಜ್ಜಿ ಗಿಲೆಸ್ಪಿ ನಾಲಗೆ ಚಾಚಿ ರಾಯ್ ಎಲ್ಡ್ರಿಡ್ಜ್ ಅವರನ್ನು ನಗಿಸುತ್ತಿದ್ದರು. ನಿಂತು ದಣಿದ ಕೌಂಟ್ ಬೇಸಿ ಪಾದಚಾರಿ ಹಾದಿಯ ಅಂಚಿನಲ್ಲಿ ಕುಳಿತಾಗ ಬೀದಿಯ ಮಕ್ಕಳು ಅವರ ಸಾಲಿನಲ್ಲೇ ಕುಳಿತರು. ತಿಳಿ ಬಣ್ಣದ ಕೋಟು ತೊಟ್ಟ ಥೆಲೋನಿಯಸ್ ಮಾಂಕ್ ಅವರು ಮೇರಿ ಲೂ ವಿಲಿಯಮ್ಸ್ ಮತ್ತು ಮರಿಯನ್ ಮೆಕ್‌ಪಾರ್ಟ್‌ಲೆಂಡ್ ಅವರ ಬಳಿ ನಿಂತರು. ವಿಲಿ ಸ್ಮಿತ್ ಎಂಬ ಹಿರಿಯ ಪಿಯಾನೊ ವಾದಕರು ದಣಿವಾರಿಸಿಕೊಳ್ಳಲು ಪಕ್ಕದ ಮನೆಯ ಮೆಟ್ಟಿಲಿಗೆ ಹೋಗಿ ಕುಳಿತದ್ದರಿಂದ ಅಚ್ಚಾದ ಚಿತ್ರದಿಂದಲೇ ತಪ್ಪಿಹೋದರು. ಹಗಲಿನ ಬೆಳಕು, ಸಾಮಾನ್ಯ ಮನೆಯ ಮೆಟ್ಟಿಲು, ಮಕ್ಕಳು: ವೇದಿಕೆಯೂ ಇಲ್ಲ, ಹೊಗೆಯೂ ಇಲ್ಲ. ಈ ಸಂಗೀತ ಒಂದು ನೆರೆಹೊರೆಯಿಂದ ಬಂದದ್ದು ಎಂಬುದನ್ನು ಇಷ್ಟು ಸರಳವಾಗಿ ಹೇಳುವ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಕ್ರೀಡಾಳುಗಳ ಚಿತ್ರಗಳಲ್ಲಿ ಪಣ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಗೆಲುವು ಸೋಲುಗಳು ಎದುರಿಗೇ ನಡೆಯುತ್ತವೆ. ಹೆವಿವೇಯ್ಟ್ ಬಾಕ್ಸಿಂಗ್‌ನ ಮೊದಲ ಕಪ್ಪು ವಿಶ್ವ ಚಾಂಪಿಯನ್ ಜ್ಯಾಕ್ ಜಾನ್ಸನ್ 1910ರ ಜುಲೈ 4ರಂದು ರೀನೋದಲ್ಲಿ ಜಿಮ್ ಜೆಫ್ರೀಸ್ ಅವರನ್ನು ಕೆಡವಿದಾಗ ದೇಶದ ಹಲವೆಡೆ ಹಿಂಸೆ ಭುಗಿಲೆದ್ದಿತು. ಆ ಪಂದ್ಯದ ಚಲನಚಿತ್ರವನ್ನು ಅನೇಕ ನಗರಗಳು ನಿಷೇಧಿಸಿದವು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ತಡೆಯುವ ಕೇಂದ್ರ ಕಾನೂನು ಬಂತು. ಗೆದ್ದ ಕಪ್ಪು ದೇಹದ ಚಿತ್ರಕ್ಕೆ ಸರ್ಕಾರವೇ ಅಷ್ಟು ಹೆದರಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಅವರ ಪದಕ ವೇದಿಕೆಯ ಚಿತ್ರದಲ್ಲಿ ಹಿಂದೆ ನಿಂತ, ಉದ್ದ ಜಿಗಿತದಲ್ಲಿ ಎರಡನೆಯವರಾದ ಜರ್ಮನಿಯ ಲುಟ್ಸ್ ಲಾಂಗ್ ನಾತ್ಸಿ ಸಲಾಮು ಮಾಡುತ್ತಿದ್ದಾರೆ. ಆ ಇಬ್ಬರು ಅದೇ ಮೈದಾನದಲ್ಲಿ ಗೆಳೆಯರಾದದ್ದನ್ನು ಆ ಒಂದು ಚಿತ್ರ ಹೇಳಲಾರದು.

ಮುಹಮ್ಮದ್ ಅಲಿ ಅವರ 1965ರ ಚಿತ್ರವನ್ನು ನೋಡದವರು ವಿರಳ. ಕೆಳಗೆ ಎದುರಾಳಿ ಸೋನಿ ಲಿಸ್ಟನ್ ಅಂಗಾತ ಬಿದ್ದಿದ್ದಾರೆ. ಮೇಲೆ ಅಲಿ, ಬಲಗೈ ಮಡಚಿ, ಬಾಯಿ ತೆರೆದು, ನಿಂತಿದ್ದಾರೆ. ಮೇ 25ರಂದು ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ, ಮೊದಲ ಸುತ್ತಿನಲ್ಲಿ, ಕೇವಲ 2,434 ಪ್ರೇಕ್ಷಕರ ಮುಂದೆ ನಡೆದ ಘಟನೆ ಅದು. 22 ವರ್ಷದ ನೀಲ್ ಲೈಫರ್ ರಿಂಗಿನ ಮೇಲ್ಭಾಗದಲ್ಲಿ ಕಟ್ಟಿಸಿದ್ದ ಫ್ಲ್ಯಾಶ್ ದೀಪಗಳು ಒಮ್ಮೆ ಮಿಂಚಿದರೆ ಮತ್ತೆ ವಿದ್ಯುತ್ ತುಂಬಿಕೊಳ್ಳಲು ಹೊತ್ತು ಬೇಕಿತ್ತು. ಹಾಗಾಗಿ ಆ ಗಳಿಗೆಗೆ ಅವರಿಗೆ ದಕ್ಕಿದ್ದು ಒಂದೇ ಅವಕಾಶ. ಆ ಮೇಲಿನ ಬೆಳಕೇ ಅಲಿಯ ತೋಳಿನ ಮತ್ತು ಎದೆಯ ಸ್ನಾಯುಗಳನ್ನು ಕಂಚಿನಲ್ಲಿ ಕಡೆದಂತೆ ಮಾಡಿದೆ. ನಾನು ಮೇಲೆ ಹೇಳಿದ ಹೊಳಪಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಲಿಯ ಕಾಲುಗಳ ನಡುವೆ ಕಾಣುವ ಬೊಕ್ಕತಲೆಯವರು ಲೈಫರ್ ಅವರ ಸಹೋದ್ಯೋಗಿ ಹರ್ಬ್ ಶಾರ್ಫ್‌ಮನ್, ಅವರೂ ಛಾಯಾಗ್ರಾಹಕರೇ, ಆದರೆ ಆ ಗಳಿಗೆಯಲ್ಲಿ ರಿಂಗಿನ ತಪ್ಪು ಮಗ್ಗುಲಲ್ಲಿದ್ದರು. ಇದನ್ನು ಎಲ್ಲರೂ ವಿಜಯದ ಚಿತ್ರವೆಂದು ಓದುತ್ತಾರೆ. ವಾಸ್ತವದಲ್ಲಿ ಅಲಿ ಏಳು, ಎದ್ದು ಕಾದಾಡು ಎಂದು ಕೂಗುತ್ತಿದ್ದರು. ಅಷ್ಟು ಬೇಗ ಬಿದ್ದದ್ದನ್ನು ಅವರೂ ನಂಬಲಿಲ್ಲ. ಹೊಸ ಹೆಸರು ಇಟ್ಟುಕೊಂಡು ಒಂದು ವರ್ಷವಾಗಿದ್ದರೂ ಅನೇಕ ಪತ್ರಿಕೆಗಳು ಇನ್ನೂ ಕ್ಯಾಸಿಯಸ್ ಕ್ಲೇ ಎಂಬ ಹಳೆಯ ಹೆಸರಿನಲ್ಲೇ ಅವರನ್ನು ಕರೆಯುತ್ತಿದ್ದ ಕಾಲ ಅದು. ಅಂದು ಸಾಧಾರಣ ಗಮನವನ್ನಷ್ಟೇ ಪಡೆದ ಈ ಚಿತ್ರ, ದೇಶಕ್ಕೆ ಅಲಿಯ ಮೇಲಿನ ಮನಸ್ಸು ಬದಲಾದ ಮೇಲೆ ನಿಧಾನವಾಗಿ ಮೇರು ಚಿತ್ರವಾಯಿತು.

ಅಲಿಗೆ ಕ್ಯಾಮೆರಾದ ಭಾಷೆ ಚೆನ್ನಾಗಿ ಗೊತ್ತಿತ್ತು. 1961ರಲ್ಲಿ ಫ್ಲಿಪ್ ಶುಲ್ಕಿ ಎಂಬ ಛಾಯಾಗ್ರಾಹಕರು ನೀರಿನಡಿಯ ಚಿತ್ರಗಳಲ್ಲಿ ಪಳಗಿದವರೆಂದು ತಿಳಿದೊಡನೆ, ತಾನು ನೀರಿನೊಳಗೆ ಬಾಕ್ಸಿಂಗ್ ಅಭ್ಯಾಸ ಮಾಡುತ್ತೇನೆಂದು ನಂಬಿಸಿ ಈಜುಕೊಳದ ತಳದಲ್ಲಿ ಮುಷ್ಟಿ ಹಿಡಿದು ನಿಂತರು. ಲೈಫ್ ಪತ್ರಿಕೆ ಆ ಚಿತ್ರಗಳನ್ನು ಪ್ರಕಟಿಸಿತು. ಅಲಿಗೆ ಈಜಲು ಬರುತ್ತಿರಲಿಲ್ಲ. 19 ವರ್ಷದ ಹುಡುಗನೊಬ್ಬ ತನ್ನ ಚಿತ್ರವನ್ನು ತಾನೇ ನಿರ್ದೇಶಿಸಿದ ರೀತಿಯಲ್ಲಿ ನನಗೆ ಟ್ರೂತ್ ಅವರ ಮೊಮ್ಮಗ ಕಾಣುತ್ತಾನೆ.

1968ರ ಅಕ್ಟೋಬರ್ 16ರಂದು ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟವನ್ನು 19.83 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದ ಟಾಮಿ ಸ್ಮಿತ್ ಮತ್ತು ಮೂರನೆಯವರಾದ ಜಾನ್ ಕಾರ್ಲೋಸ್, ಪದಕ ವೇದಿಕೆಯ ಮೇಲೆ ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಎತ್ತಿದರು. ಲೈಫ್ ಪತ್ರಿಕೆಯ ಜಾನ್ ಡೊಮಿನಿಸ್ ತೆಗೆದ ಆ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ, ಏಕೆಂದರೆ ಇದ್ದದ್ದು ಒಂದೇ ಜೊತೆ ಗವಸು. ಕಾರ್ಲೋಸ್ ಅವರ ಕೊರಳಲ್ಲಿ ಮಣಿಸರವಿದೆ, ಅದು ಗುಂಪುಹತ್ಯೆಗೆ ಬಲಿಯಾದವರ ನೆನಪಿಗೆ. ಪಾದಗಳಲ್ಲಿ ಬೂಟಿಲ್ಲ, ಕಪ್ಪು ಕಾಲುಚೀಲ ಮಾತ್ರ, ಅದು ಕಪ್ಪು ಜನರ ಬಡತನಕ್ಕೆ. ಮುಂದೆ ನಿಂತ ಎರಡನೆಯ ಸ್ಥಾನದ ಆಸ್ಟ್ರೇಲಿಯದ ಪೀಟರ್ ನಾರ್ಮನ್ ಕೈ ಎತ್ತಿಲ್ಲ, ಆದರೆ ಅವರ ಎದೆಯ ಮೇಲೂ ಆ ಇಬ್ಬರು ಧರಿಸಿದ್ದ ಮಾನವ ಹಕ್ಕುಗಳ ಬಿಲ್ಲೆಯೇ ಇದೆ. ಭಿತ್ತಿಚಿತ್ರಗಳಲ್ಲಿ ನಾರ್ಮನ್ ಅವರನ್ನು ಕತ್ತರಿಸಿ ಹಾಕುವವರು ಆ ಬಿಲ್ಲೆಯನ್ನು ಗಮನಿಸಿರಲಾರರು. 2006ರಲ್ಲಿ ಅವರು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಆಸ್ಟ್ರೇಲಿಯಕ್ಕೆ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು.

ಚಿತ್ರ ಯಾರಿಗಾಗಿ ಅಚ್ಚಾಯಿತು ಎಂಬ ಪ್ರಶ್ನೆಗೆ ಅತ್ಯಂತ ದೊಡ್ಡ ಉತ್ತರ ಷಿಕಾಗೊದಿಂದ ಬಂತು. ಜಾನ್ ಎಚ್. ಜಾನ್ಸನ್ 1945ರಲ್ಲಿ ಎಬೊನಿ ಮಾಸಪತ್ರಿಕೆಯನ್ನೂ 1951ರಲ್ಲಿ ಜೆಟ್ ವಾರಪತ್ರಿಕೆಯನ್ನೂ ಆರಂಭಿಸಿದರು. ಕಪ್ಪು ತಾರೆಯರು ಅಡುಗೆಮನೆಯಲ್ಲಿ, ಮಕ್ಕಳ ಜೊತೆಯಲ್ಲಿ, ರಜೆಯ ದಿನ ಹೇಗಿರುತ್ತಾರೆ ಎಂಬುದನ್ನು ಕಪ್ಪು ಓದುಗರಿಗಾಗಿ ತೋರಿಸಿದ ಪುಟಗಳವು. ಅದೇ ಪುಟಗಳಲ್ಲಿ ಚರ್ಮ ಬಿಳುಪಾಗಿಸುವ ಕ್ರೀಮುಗಳ ಜಾಹೀರಾತುಗಳೂ ಬರುತ್ತಿದ್ದವು, ಅದನ್ನು ಮರೆಮಾಚಬಾರದು. ಎಬೊನಿಯ ಛಾಯಾಗ್ರಾಹಕ ಮೊನೆಟಾ ಸ್ಲೀಟ್ ಅವರಿಗೆ 1969ರಲ್ಲಿ ಪುಲಿಟ್ಜರ್ ಬಂದದ್ದು ಒಂದು ಅಂತ್ಯಕ್ರಿಯೆಯ ಚಿತ್ರಕ್ಕೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಶವಸಂಸ್ಕಾರದ ದಿನ ಚರ್ಚಿನೊಳಗೆ ಬಿಡಲಾಗುವ ಛಾಯಾಗ್ರಾಹಕರಲ್ಲಿ ಕಪ್ಪು ಜನಾಂಗದವರು ಯಾರೂ ಇಲ್ಲವೆಂದು ತಿಳಿದ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್, ಸ್ಲೀಟ್ ಅವರನ್ನು ಬಿಡದಿದ್ದರೆ ಯಾರನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದರು. ಕಪ್ಪು ಮುಸುಕಿನೊಳಗಿನ ಆ ತಾಯಿ ಮತ್ತು ಮಡಿಲಲ್ಲಿ ಒರಗಿದ ಪುಟ್ಟ ಮಗಳ ಚಿತ್ರ ನಮಗೆ ದಕ್ಕಿದ್ದು ಶೋಕದ ನಡುವೆಯೂ ಆಕೆ ಹಿಡಿದ ಆ ಹಟದಿಂದ.

ಕೊನೆಯದು ನೆಗೆಟಿವ್‌ಗಳ ಮಾತು. ಮಾರುಕಟ್ಟೆಯಲ್ಲಿ ವಿಂಟೇಜ್ ಪ್ರಿಂಟ್ ಎಂಬ ಪದಕ್ಕೆ ಖಚಿತ ಅರ್ಥವಿದೆ: ಚಿತ್ರ ತೆಗೆದ ಆಸುಪಾಸಿನಲ್ಲೇ ಛಾಯಾಗ್ರಾಹಕ ತಾನು ಹಾಕಿದ ಅಥವಾ ತನ್ನ ಕಣ್ಣೆದುರು ಹಾಕಿಸಿದ ಪ್ರಿಂಟು. ಅದೇ ನೆಗೆಟಿವ್‌ನಿಂದ ಐವತ್ತು ವರ್ಷದ ಮೇಲೆ ಹಾಕಿದ್ದು ಎಷ್ಟೇ ಚೊಕ್ಕವಾಗಿದ್ದರೂ ಆ ಹೆಸರಿಗೆ ಸಲ್ಲದು. ಆದ್ದರಿಂದ ಹಳೆಯ ಪ್ರಿಂಟು ಕೈಗೆ ಬಂದರೆ ಮೊದಲು ತಿರುವಿ ಹಿಂಬದಿ ನೋಡಬೇಕು. ಸ್ಟುಡಿಯೋದ ಮುದ್ರೆ, ಪತ್ರಿಕೆಯ ದಿನಾಂಕದ ಮೊಹರು, ಪೆನ್ಸಿಲಿನಲ್ಲಿ ಬರೆದ ಹೆಸರು ಅಲ್ಲಿರುತ್ತವೆ. ಮುಂಬದಿಯಲ್ಲಿ ಸಂಪಾದಕ ಯಾರನ್ನು ಕತ್ತರಿಸಲು ಗೆರೆ ಎಳೆದ ಎಂಬುದೂ ಕಾಣಬಹುದು. ಎಬೊನಿ ಮತ್ತು ಜೆಟ್‌ನ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರಿಂಟು ಮತ್ತು ನೆಗೆಟಿವ್‌ಗಳು ಕಂಪನಿ ದಿವಾಳಿಯಾದಾಗ 2019ರಲ್ಲಿ ಹರಾಜಿಗೆ ಬಂದವು. ನಾಲ್ಕು ದತ್ತಿಸಂಸ್ಥೆಗಳು ಸೇರಿ ಮೂರು ಕೋಟಿ ಡಾಲರ್ ಕೊಟ್ಟು ಕೊಂಡು ಅವುಗಳನ್ನು ಸಾರ್ವಜನಿಕ ಸಂಸ್ಥೆಗಳಿಗೆ ಒಪ್ಪಿಸದಿದ್ದರೆ, ಒಂದು ಜನಾಂಗದ ಅರ್ಧ ಶತಮಾನದ ನೆನಪು ಖಾಸಗಿ ಕಪಾಟುಗಳಲ್ಲಿ ಚದುರಿಹೋಗುತ್ತಿತ್ತು.

ಪಿಟ್ಸ್‌ಬರ್ಗ್ ನಗರದ ಚಾರ್ಲ್ಸ್ ಹ್ಯಾರಿಸ್ ಅವರದ್ದು ಇದೇ ಕಥೆಯ ಆಪ್ತ ರೂಪ. ಕಪ್ಪು ಜನರ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್‌ಗೆ ದುಡಿದ ಅವರನ್ನು ಊರವರು ಟೀನಿ ಎನ್ನುತ್ತಿದ್ದರು. ಒಂದೇ ಬಾರಿ ಕ್ಲಿಕ್ಕಿಸಿ ಹೊರಡುತ್ತಿದ್ದ ಕಾರಣ ಅಲ್ಲಿನ ಮೇಯರು ಒನ್ ಶಾಟ್ ಎಂದೂ ಹೆಸರಿಟ್ಟಿದ್ದರು. ಗಾಯಕಿ ಲೀನಾ ಹಾರ್ನ್, ಬೇಸ್‌ಬಾಲ್ ಆಟಗಾರ ಸ್ಯಾಚೆಲ್ ಪೇಜ್ ಅವರಂಥ ತಾರೆಯರ ಜೊತೆಗೆ ಹುಟ್ಟುಹಬ್ಬ, ಹಜಾಮರ ಅಂಗಡಿ, ಮಕ್ಕಳ ಬೇಸ್‌ಬಾಲ್ ತಂಡ ಎಲ್ಲವನ್ನೂ ಅವರು ಚಿತ್ರಿಸಿದರು. ಮುಪ್ಪಿನಲ್ಲಿ, 1986ರಲ್ಲಿ, ಕೇವಲ 3,000 ಡಾಲರ್ ಮುಂಗಡ ಪಡೆದು ಒಂದು ಒಪ್ಪಂದಕ್ಕೆ ಸಹಿ ಹಾಕಿ ನೆಗೆಟಿವ್‌ಗಳನ್ನೆಲ್ಲ ಕೈಬಿಟ್ಟರು. ಅವುಗಳನ್ನು ಹಿಂಪಡೆಯಲು ಮೊಕದ್ದಮೆ ಹೂಡಿದ ಅವರು 1998ರಲ್ಲಿ ತೀರಿಕೊಂಡರು, ತೀರ್ಪು ಕುಟುಂಬದ ಪರವಾಗಿ ಬಂದದ್ದು ಆಮೇಲೆ. 2001ರಲ್ಲಿ ಸುಮಾರು 80,000 ನೆಗೆಟಿವ್‌ಗಳು ಅದೇ ಊರಿನ ಕಾರ್ನೆಗಿ ಕಲಾ ಸಂಗ್ರಹಾಲಯ ಸೇರಿದವು. ಹ್ಯಾರಿಸ್ ಅವರು ಹೆಚ್ಚಿನವಕ್ಕೆ ಹೆಸರು ಬರೆದಿಟ್ಟಿರಲಿಲ್ಲ. ತಾರೆಯರನ್ನು ಗುರುತಿಸುವುದು ಸುಲಭವಾಯಿತು, ಅವರ ಪಕ್ಕದಲ್ಲಿ ನಿಂತವರನ್ನು ಗುರುತಿಸುವುದು ಕಷ್ಟವಾಯಿತು. ಸಂಗ್ರಹಾಲಯದವರು ಚಿತ್ರಗಳನ್ನು ಗೋಡೆಗೆ ಹಾಕಿ ಊರಿನ ಹಿರಿಯರನ್ನು ಕರೆದರು. ಅವರು ಬಂದು ನೋಡಿ, ಇದು ಇಂಥವರು, ಇದು ಇಂಥ ಬೀದಿ ಎಂದು ಒಂದೊಂದೇ ಹೆಸರನ್ನು ಹೇಳಿ ಬರೆಸತೊಡಗಿದರು.